ಏಳನೇ ಸ್ಟೇಜಿನ ಬಾವಿ

ನಮ್ಮೂರಿನಲ್ಲಿ ವಸ್ತುವಿನ ಎದುರಿಗೆ ಅದರ ಬೆಲೆ ಇಳಿಸಿ ಮಾತಾಡುವ ಹಾಗಿಲ್ಲ. ಆಡಿದಿರೋ, ಅದು ಮುನಿಸಿಕೊಳ್ಳುತ್ತದೆ. ಬಯ್ದರೆ ತಡೆದುಕೊಳ್ಳುತ್ತದೆ, ಕುಟ್ಟಿದರೆ ತಡೆದುಕೊಳ್ಳುತ್ತದೆ, ಕೈಜಾರಿ ನೆಲಕ್ಕೆ ಬಿದ್ದರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ‘ಕೊನೇ ಮಾತು ಹೇಳಿ, ಎಷ್ಟಕ್ಕೆ ಬಿಡ್ತೀರಾ?’ ಎಂಬುದು ಕಿವಿಗೆ ಬಿದ್ದರೆ ಮಾತ್ರ ಮುಗಿಯಿತು. ವಸ್ತುವಿಗೆ ಎಲ್ಲಿಯ ಕಿವಿ ಎಂದು ಬೇರೆ ಊರಿನವರು ನಗುತ್ತಾರೆ. ಸೂಜಿಗೆ ಕಣ್ಣಿದೆ, ಸೀಸೆಗೆ ಬಾಯಿದೆ, ಮೇಜಿಗೆ ಕಾಲಿದೆ, ಹೂಜಿಗೆ ಕತ್ತಿದೆ. ಕಿವಿಯೊಂದರ ವಿಷಯದಲ್ಲಿ ಯಾಕಿಷ್ಟು ಜಿಪುಣತನ?

ಹೈಸ್ಕೂಲಿನ ವೃಷಭೇಂದ್ರಪ್ಪ ಮೇಷ್ಟ್ರು ಹೊಸ ಕುಕ್ಕರನ್ನು ತೊಡೆಯ ಮೇಲಿಟ್ಟುಕೊಂಡೇ ಚೌಕಾಸಿ ಮಾಡಿ ತಂದರು. ಅದು ಒಂದು ತಿಂಗಳು ಕೂಗಲಿಲ್ಲ. ಬೇಳೆ ಬೆಂದಿದೆಯೋ ಇಲ್ಲವೋ ತಿಳಿಯದೆ ಮೇಷ್ಟ್ರ ಮನೆಯವರು ಗಡಿಯಾರ ನೋಡಿಕೊಂಡು ಅಡುಗೆ ಮಾಡಿದರು. ಸಂತೆಯಲ್ಲಿ ಹುರುಳಿಕಾಯಿಯ ಗುಡ್ಡೆಯ ಮುಂದೆ ಯಾರೂ ತುಟಿ ಬಿಚ್ಚುವುದಿಲ್ಲ, ಟವಲ್ಲಿನ ಕೆಳಗೆ ಬೆರಳು ಹಿಡಿದೇ ವ್ಯವಹಾರ. ಇಲ್ಲದಿದ್ದರೆ ಆ ಹುರುಳಿಕಾಯಿ ಎಷ್ಟು ಬೇಯಿಸಿದರೂ ಬೇಯುವುದಿಲ್ಲ. ಪೇಟೆ ಬೀದಿಯ ಎರಡು ತುದಿಗೂ ಹೊಂಗೆ ಮರದ ಕೆಳಗೆ ಒಂದೊಂದು ಕಲ್ಲಿನ ಕಟ್ಟೆ ಇದೆ. ಚೌಕಾಸಿ ಕಟ್ಟೆ ಅಂತಲೇ ಅದರ ಹೆಸರು. ಅಂಗಡಿಯೊಳಗೆ ಮಾಲು ನೋಡಿ ಮೆಚ್ಚಬೇಕು. ಆಮೇಲೆ ಅಂಗಡಿಯವರೂ ಗಿರಾಕಿಯೂ ಏನೋ ಹವಾಮಾನದ ಮಾತಾಡುತ್ತ ಕಟ್ಟೆಯವರೆಗೆ ನಡೆಯಬೇಕು. ಅಲ್ಲಿ ಬೇಕಾದಷ್ಟು ಗುದ್ದಾಡಿ, ಏನೂ ಆಗಿಲ್ಲವೆಂಬ ಮುಖ ಹೊತ್ತು ವಾಪಸ್ಸು ಬರಬೇಕು. ಮಳೆ ಬಂದರೆ ಇಬ್ಬರೂ ಒಂದೇ ಕೊಡೆಯಡಿ ಹೋಗುತ್ತಾರೆ. ಆ ಕೊಡೆ ಮಾರಾಟದ್ದಲ್ಲ ಎಂದು ಮೊದಲೇ ಖಾತ್ರಿ ಮಾಡಿಕೊಂಡಿರುತ್ತಾರೆ.

ಇಂಥ ಊರಿನಲ್ಲಿ ಬಾಯಿ ಹಿಡಿತದಲ್ಲಿರಬೇಕು. ನನ್ನದು ಇಲ್ಲ. ಇತಿಹಾಸದಲ್ಲಿ ಪದವಿ ಪಡೆದವನು ನಾನು. ಆದರೆ ಪದವಿಗಿಂತ ಪದಗಳ ಮೇಲೇ ನನಗೆ ಪ್ರೀತಿ. ಅದಕ್ಕಿಂತ ಹೆಚ್ಚಾಗಿ ಸದ್ದುಗಳ ಮೇಲೆ. ಆಟೋಗೆ ಮೈಕು ಕಟ್ಟಿ ಊರಿನ ಪ್ರಚಾರವನ್ನೆಲ್ಲ ಕೂಗುವುದು ನನ್ನ ಕೆಲಸ, ಬಿಡುವಾದಾಗ ಮದುವೆಮನೆಗಳಲ್ಲಿ ಮಿಮಿಕ್ರಿ. ಬೀದಿ ಕೊಳಾಯಿಗೆ ನೀರು ಬರುವ ಮುಂಚೆ ಬರುವ ಗೊರಗೊರ ಸದ್ದನ್ನು ಒಮ್ಮೆ ಮೂಲೆಯಲ್ಲಿ ನಿಂತು ಮಾಡಿದ್ದಕ್ಕೆ ಮೂವತ್ತು ಕೊಡಗಳು ಸಾಲಾಗಿ ಬಂದು ನಿಂತವು. ಅವತ್ತು ನನ್ನನ್ನು ಕೊಡದಿಂದಲೇ ಹೊಡೆದರು, ಆದ್ದರಿಂದ ನನಗೆ ಏನೂ ಕೊಡಲಿಲ್ಲ ಎನ್ನುವಂತಿಲ್ಲ. “ನಿನ್ನ ಗಂಟಲಲ್ಲಿ ಇಡೀ ಊರೇ ಬಾಡಿಗೆಗಿದೆ ಕಣೋ ಚಿದು. ಒಬ್ರೂ ಬಾಡಿಗೆ ಕೊಡ್ತಿಲ್ಲ ಅಷ್ಟೇ,” ಅನ್ನುತ್ತಿದ್ದಳು ನನ್ನ ಚಿಕ್ಕಮ್ಮ ವಾರಿಜಾ.

ನನ್ನನ್ನು ಬೆಳೆಸಿದವಳು ಅವಳೇ. ಆಷಾಢದಲ್ಲಿ ಅವಳಿಗೆ ಸ್ಟ್ರೋಕ್ ಆಯಿತು. ಮಾತು ಉಳಿಯಿತು, ಕಾಲು ಒಂದು ತಿಂಗಳಲ್ಲಿ ಸರಿಹೋಯಿತು, ಬಲಗೈ ಮಾತ್ರ ಮೊಂಡು ಹಿಡಿದು ಕುಳಿತಿತು. ಅದರಲ್ಲೂ ಹೆಬ್ಬೆರಳು. ಹೆಬ್ಬೆರಳಿಲ್ಲದೆ ಅನ್ನದ ತುತ್ತು ಬಾಯಿಗೆ ಹೋಗುವುದಿಲ್ಲವೆಂದು ನನಗೆ ಗೊತ್ತಾದದ್ದು ಆಗಲೇ. ಉಳಿದ ನಾಲ್ಕು ಬೆರಳು ತುತ್ತು ಹೊರುತ್ತವೆ, ಒಳಗೆ ತಳ್ಳುವುದು ಹೆಬ್ಬೆರಳು. ಚಿಕ್ಕಮ್ಮ ಎಡಗೈಯಲ್ಲಿ ಚಮಚ ಹಿಡಿದು, ಗೋಡೆಯ ಕಡೆ ತಿರುಗಿ ಕುಳಿತು ಊಟ ಮಾಡತೊಡಗಿದಳು.

ನೋಡಲು ಬಂದ ನೆಂಟರು ಮೂಸಂಬಿ ತಂದರು, ಜೊತೆಗೆ ಒಂದೇ ಥರದ ಮಾತನ್ನೂ ತಂದರು. “ಇಷ್ಟಾದ್ರೂ ಉಳೀತಲ್ಲ ವಾರಿಜಾ, ಇಷ್ಟೇ ಸಾಕು ಅಂದ್ಕೊಂಡ್ಬಿಡು.” “ಆ ಕೈಲಿ ಇನ್ನೇನು ಮಾಡ್ಬೇಕಾಗಿದೆ ಹೇಳಿ? ಕೂತ್ಕೊಂಡು ತಿನ್ನೋ ವಯಸ್ಸು.” ಚಿಕ್ಕಮ್ಮ ಅದಕ್ಕೆಲ್ಲ ಹೂಂ ಅಂದಳು. ಅವರು ಹೋದ ಮೇಲೆ ವ್ಯಾಯಾಮದ ಹಳದಿ ರಬ್ಬರ್ ಚೆಂಡನ್ನು ಮಂಚದ ಕೆಳಗೆ ಉರುಳಿಸಿದಳು. ಅದು ಅಲ್ಲೇ ಉಳಿಯಿತು.

ಪ್ರತಿ ಮಂಗಳವಾರ ಕೈಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಬೆನಡಿಕ್ಟಾ ಮೇಡಂ ಒಂದು ದಿನ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿದರು. “ನೋಡಪ್ಪಾ, ಆ ಬೆರಳು ಅಲ್ಲಾಡತ್ತೆ. ನಾನು ಕಣ್ಣಾರೆ ನೋಡಿದೀನಿ. ಅವರು ಅಲ್ಲಾಡಿಸ್ತಿಲ್ಲ, ಅಷ್ಟೇ. ಹೀಗೇ ಬಿಟ್ರೆ ದೀಪಾವಳಿ ಹೊತ್ತಿಗೆ ಗಟ್ಟಿಯಾಗಿ ಹಾಗೇ ನಿಂತ್ಕೊಂಡ್ಬಿಡತ್ತೆ, ಆಮೇಲೆ ನನ್ನ ಕೈಲೂ ಆಗಲ್ಲ. ಚೆಂಡು ಬೇಡ ಅಂದ್ರೆ ಬೇಡ. ಅವರ ಹೆಬ್ಬೆರಳಿಗೆ ಏನಿಷ್ಟವೋ ಅದನ್ನ ತಂದುಕೊಡಿ.”

ಹೆಬ್ಬೆರಳಿಗೆ ಏನಿಷ್ಟ? ಮನುಷ್ಯರಿಗೆ ಏನಿಷ್ಟವೆಂದು ಕೇಳಬಹುದು, ಬೆರಳನ್ನು ಏನೆಂದು ಕೇಳುವುದು? ಆಟೋದಲ್ಲಿ ಕುಳಿತು ರಕ್ತದಾನ ಶಿಬಿರದ ಪ್ರಚಾರ ಮಾಡುತ್ತಿದ್ದಾಗ ತಟ್ಟನೆ ಹೊಳೆಯಿತು. ಮೈಕು ಆನ್ ಇರುವುದನ್ನು ಮರೆತು “ಛತ್ರಿರಾಮ!” ಎಂದು ಕೂಗಿದೆ. ಬೀದಿಯಲ್ಲಿ ಹೋಗುತ್ತಿದ್ದ ನಾಲ್ಕಾರು ಮಂದಿ ನಿಂತು, ತಿರುಗಿ, ನಕ್ಕರು. ಅವರೆಲ್ಲ ನನ್ನ ಆಸುಪಾಸಿನ ವಯಸ್ಸಿನವರೇ.

ಯಾಕೆಂದರೆ ನಮ್ಮ ಚಿಕ್ಕಮ್ಮ ಒಂದು ಕಾಲಕ್ಕೆ ‘ವಾರಿಜಾ ವಿಡಿಯೋ ಗೇಮ್ಸ್’ನ ಒಡತಿ. ಕಾರಿಲ್ಲದ ನಮ್ಮ ಕಾರ್ ಶೆಡ್ಡಿನಲ್ಲಿ ಎರಡು ಟೀವಿ, ನಾಲ್ಕು ಜಾಯ್‌ಸ್ಟಿಕ್, ಒಂದು ಬುಟ್ಟಿ ಕ್ಯಾಸೆಟ್ಟು. ಕ್ಯಾಸೆಟ್ಟು ಹಾಕುವ ಮುಂಚೆ ಅದರ ಬುಡಕ್ಕೆ ಉಫ್ ಎಂದು ಊದಬೇಕು. ಊದುವ ಹಕ್ಕು ಚಿಕ್ಕಮ್ಮನದು ಮಾತ್ರ. ಊರಿನ ಮಕ್ಕಳೆಲ್ಲ ಸ್ಕೂಲಿನಿಂದ ನೇರ ಅಲ್ಲಿಗೆ. ಎಲ್ಲರಿಗೂ ಬೇಕಾದದ್ದು ಒಂದೇ ಆಟ. ಕೊಡೆ ಹಿಡಿದ ಗಿಡ್ಡ ಮನುಷ್ಯನೊಬ್ಬ ಹಳ್ಳ, ದಿಣ್ಣೆ, ಬಾವಿಗಳನ್ನು ಹಾರಿಕೊಂಡು ಹೋಗುವ ಆಟ. ಅವನ ನಿಜವಾದ ಹೆಸರು ಯಾವುದೋ ದೇಶದ ಲಿಪಿಯಲ್ಲಿತ್ತು, ಯಾರಿಗೂ ಓದಲು ಬರುತ್ತಿರಲಿಲ್ಲ. ನಾವು ಛತ್ರಿರಾಮ ಎಂದೆವು. ಅವನ ಬುದ್ಧಿಯೂ ಹಾಗೇ ಇತ್ತು. ಯಾರಾದರೂ ದಾಟಲಾಗದೆ ಅಳುವ ಹಂತಕ್ಕೆ ಬಂದರೆ “ಆಂಟೀ, ಇದೊಂದು ದಾಟಿಸಿಕೊಡೀ” ಎಂದು ಕೂಗುತ್ತಿದ್ದರು. ಚಿಕ್ಕಮ್ಮ ಅಡುಗೆಮನೆಯಿಂದ ಬಂದು, ಚಪಾತಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ನಿಂತ ನಿಲುವಿನಲ್ಲೇ ಎಡ ಹೆಬ್ಬೆರಳಿನಿಂದ ಅವನನ್ನು ನಡೆಸಿ ಬಲ ಹೆಬ್ಬೆರಳಿನಿಂದ ಹಾರಿಸಿ, ಜಾಯ್‌ಸ್ಟಿಕ್ಕು ವಾಪಸ್ಸು ಕೊಟ್ಟು ಚಪಾತಿಗೆ ಹೋಗುತ್ತಿದ್ದಳು. ನಮ್ಮೂರಿನಲ್ಲಿ ಈಗ ನಲವತ್ತರ ಹತ್ತಿರವಿರುವ ಯಾರನ್ನೇ ಕೇಳಿ, ಒಂದಲ್ಲ ಒಂದು ಹಳ್ಳವನ್ನು ಅವಳು ದಾಟಿಸಿರುತ್ತಾಳೆ. ಮೊಬೈಲು ಬಂದ ಮೇಲೆ ಶೆಡ್ಡು ಮುಚ್ಚಿತು. ಟೀವಿಗಳು ಗುಜರಿಗೆ ಹೋದವು.

ಹಳೆಯ ಆಟಗಳನ್ನೆಲ್ಲ ಒಂದೇ ಪುಟ್ಟ ಡಬ್ಬಿಯಲ್ಲಿ ತುಂಬಿ ಮಾರುತ್ತಾರೆಂದು ಕೇಳಿದ್ದೆ. ಧರಣೇಂದ್ರಣ್ಣನ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದರೆ, ಗಾಜಿನ ಕಪಾಟಿನಲ್ಲಿ ಚಾರ್ಜರುಗಳ ನಡುವೆ ಮೂರಿದ್ದವು. ಎರಡು ದೊಡ್ಡವು, ಫಳಫಳ ಅನ್ನುವಂಥವು, ನನ್ನ ಜೇಬಿಗೆ ನಮಸ್ಕಾರ ಹೇಳಿ ಕಳಿಸುವಂಥವು. ಮೂರನೆಯದು ಅಂಗೈಯಗಲದ್ದು. ಒಳಗಿನ ತಂತಿಯೆಲ್ಲ ಕಾಣುವ ಬೂದುಬಣ್ಣದ ಪ್ಲಾಸ್ಟಿಕ್ಕು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ತೆರೆ, ಎಡಕ್ಕೆ ಕೂಡು ಗುರುತಿನ ಗುಂಡಿ, ಬಲಕ್ಕೆ ನಾಲ್ಕು ದುಂಡು ಗುಂಡಿ. ಧರಣೇಂದ್ರಣ್ಣ ಅದನ್ನು ಆನ್ ಮಾಡಿ ಆಟಗಳ ಪಟ್ಟಿ ಇಳಿಸುತ್ತ ಹೋದ. ಕಾರು, ಟ್ಯಾಂಕು, ಗುಂಡು ಹೊಡೆಯುವ ವಿಮಾನ, ಇಟ್ಟಿಗೆ ಒಡೆಯುವುದು, ಎಲ್ಲದರ ಕೆಳಗೆ ಕೊಡೆಯ ಚಿತ್ರ.

“ಬಹಳ ಲಕ್ಷಣವಾಗಿದೆ ಧರಣೇಂದ್ರಣ್ಣ,” ಎಂದೆ ಜೋರಾಗಿ, ಡಬ್ಬಿಗೆ ಕೇಳುವಂತೆ.

“ಗುಣವೂ ಹಾಗೇ,” ಎಂದ ಅವನೂ ಜೋರಾಗಿ. “ಈ ಕಡೆ ಮೋಡ ಕವೀತಿದೆ ಅಲ್ವಾ? ಬಾ, ನೋಡ್ಕೊಂಡು ಬರೋಣ.”

ಕಟ್ಟೆಗೆ ನಡೆದೆವು. ಮೋಡವೇನೂ ಇರಲಿಲ್ಲ. “ಮೂರೂವರೆ ಸಾವಿರ,” ಎಂದ ಅವನು. ನಾನು ಎದೆ ಹಿಡಿದುಕೊಂಡೆ. “ನಾಟಕ ಆಡ್ಬೇಡ, ನಿನ್ನ ಎದೆ ನೋವಿಗೆ ನಾನು ಮೂರು ಸಲ ಮೋಸ ಹೋಗಿದೀನಿ. ಇಷ್ಟು ವಯಸ್ಸಾಯ್ತು, ನಿನಗ್ಯಾಕೋ ವಿಡಿಯೋ ಗೇಮು?”

“ನನಗಲ್ಲ. ಚಿಕ್ಕಮ್ಮನಿಗೆ. ಬಲಗೈ ಹೆಬ್ಬೆರಳಿಗೆ.”

ಅವನು ಹೊಂಗೆ ಎಲೆಯೊಂದನ್ನು ಕಿತ್ತು ಎರಡು ಸಲ ಮಡಚಿದ. “ನಾಲ್ಕನೇ ಸ್ಟೇಜಿನ ಹಳ್ಳ ವಾರಿಜಕ್ಕನೇ ದಾಟಿಸಿಕೊಟ್ಟಿದ್ದು ನನಗೆ. ಒಂದು ಸಲ ಅಲ್ಲ, ಎರಡು ವರ್ಷ. ಅರ್ಧ ಕೊಡು ಮಾರಾಯ. ಅದೂ ಆದಾಗ ಕೊಡು.” ಆಮೇಲೆ ತಾನೇ ತನ್ನ ಮಾತಿಗೆ ಬೆಚ್ಚಿ ಅಂಗಡಿಯ ಕಡೆ ನೋಡಿದ. “ಒಳಗೆ ಹೋದ್ಮೇಲೆ ಮುಖ ಗಂಟು ಹಾಕ್ಕೊಂಡು ಬಾ. ಜಾಸ್ತಿ ದುಡ್ಡು ಹೋಯ್ತು ಅನ್ನೋ ಹಾಗೆ.”

ಕೈಯಲ್ಲಿ ಹಿಡಿಯುವ ವಸ್ತು ಕೊನೆಗೂ ಕೈಗೆಟುಕಿತು. ಮುಖ ಗಂಟು ಹಾಕಿಕೊಂಡೇ ಅಂಗಡಿಯಿಂದ ಹೊರಬಿದ್ದೆ, ತಿರುವು ದಾಟಿದ ಮೇಲೆ ಗಂಟು ಬಿಚ್ಚಿ ನಗುತ್ತಾ ಮನೆಗೆ ಬಂದೆ.

ಚಿಕ್ಕಮ್ಮ ಹಜಾರದ ಕುರ್ಚಿಯಲ್ಲಿದ್ದಳು. ಡಬ್ಬಿಯನ್ನು ಆನ್ ಮಾಡಿ ಅವಳ ಮಡಿಲಲ್ಲಿಟ್ಟೆ. ಬೇಡವೆಂಬಂತೆ ಕಿಟಕಿಯ ಕಡೆ ನೋಡಿದಳು. ಅಷ್ಟರಲ್ಲಿ ಛತ್ರಿರಾಮನ ಶುರುವಿನ ಸಂಗೀತ ಬಂತು: ಟಿಂಯ್ ಟಿಂಯ್, ಟುಡು ಟುಡು ಟುಂಯ್. ಅವಳ ಕತ್ತು ತಾನಾಗಿಯೇ ತಿರುಗಿತು. ಎಡ ಹೆಬ್ಬೆರಳು ಕೂಡು ಗುರುತಿನ ಮೇಲೆ ಹೋಗಿ ಕುಳಿತಿತು. ಛತ್ರಿರಾಮ ಎರಡು ಹೆಜ್ಜೆ ನಡೆದ. ಎಷ್ಟೋ ವಾರಗಳ ಮೇಲೆ ನನ್ನ ಮುಖವನ್ನು ನೇರವಾಗಿ ನೋಡಿ ಚಿಕ್ಕಮ್ಮ ಹುಬ್ಬು ಹಾರಿಸಿದಳು, ಹಿತ್ತಿಲ ಕಡೆ ಕಣ್ಣು ಮಾಡಿದಳು. ನಮ್ಮೂರಿನಲ್ಲಿ ಅದಕ್ಕೆ ಒಂದೇ ಅರ್ಥ: ಎಷ್ಟು ಕೊಟ್ಟೆ, ಹಿತ್ತಿಲಿಗೆ ಬಂದು ಹೇಳು.

ಹಿತ್ತಿಲಿಗೆ ಹೋಗಬೇಕಿತ್ತು. ಆದರೆ ಅವಳು ಕೇಳಿದಳಲ್ಲ ಎಂಬ ಖುಷಿಗೆ ನನ್ನ ಗಂಟಲು ಆಗಲೇ ಹೊರಟುಬಿಟ್ಟಿತ್ತು. ಧರಣೇಂದ್ರಣ್ಣನ ಮೂಗುದನಿಯಲ್ಲಿ “ಮೂರೂವರೆ ಸಾವಿರ” ಎಂದೆ. ನನ್ನ ಎದೆನೋವು ಮಾಡಿದೆ. ಚಿಕ್ಕಮ್ಮನ ತುಟಿಯ ಒಂದು ತುದಿ ಮೇಲೆದ್ದಿತು. ಅದನ್ನು ನೋಡಿದ ಮೇಲೆ ನನ್ನನ್ನು ಹಿಡಿಯುವವರು ಯಾರು? ಎಲೆ ಮಡಚುವುದು ಮಾಡಿದೆ, “ಅರ್ಧ ಕೊಡು ಮಾರಾಯ, ಅದೂ ಆದಾಗ ಕೊಡು” ಮಾಡಿದೆ, ಹೊಂಗೆ ಮರದ ಕಾಗೆಯನ್ನೂ ಸೇರಿಸಿದೆ. ಚಿಕ್ಕಮ್ಮ ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡು, ಭುಜ ಕುಣಿಸಿ, ಹಳೆಯ ಚಿಕ್ಕಮ್ಮನ ಹಾಗೇ ನಕ್ಕಳು. ಅವಳ ಮಡಿಲಲ್ಲಿ ಸಂಗೀತ ನಿಂತಿತು. ತೆರೆ ಕಪ್ಪಾಯಿತು.

“ಆಯ್ತು. ಮುನಿಸ್ಕೊಳ್ತು,” ಎಂದಳು ಚಿಕ್ಕಮ್ಮ, ನಗು ಆರುವ ಮೊದಲೇ. ಆಮೇಲೆ “ಸರಿಯಾಗೇ ಮಾಡ್ತು,” ಎಂದು ಕಿಟಕಿಯ ಕಡೆ ತಿರುಗಿದಳು.

ಮೂರು ದಿನ ಅದನ್ನು ರಮಿಸಿದೆ. ಚಾರ್ಜಿಗೆ ಹಾಕಿದೆ, ರೇಷ್ಮೆ ಬಟ್ಟೆಯಲ್ಲಿ ಒರೆಸಿದೆ, ಧರಣೇಂದ್ರಣ್ಣನ ದನಿಯಲ್ಲೇ “ಹತ್ತು ಸಾವಿರಕ್ಕೆ ಒಂದು ಪೈಸೆ ಕಮ್ಮಿ ಇಲ್ಲ” ಎಂದು ಅದರ ಪಕ್ಕದಲ್ಲಿ ಅರ್ಧ ಗಂಟೆ ಕೂಗಿದೆ. ಅದಕ್ಕೆ ಅಸಲಿ ಯಾವುದು ನಕಲಿ ಯಾವುದು ಎಂದು ಗೊತ್ತಿತ್ತು. ದೀಪಾವಳಿಗೆ ಇನ್ನು ಒಂದು ತಿಂಗಳೂ ಇರಲಿಲ್ಲ. ಇನ್ನೊಂದು ಕೊಳ್ಳುವ ಶಕ್ತಿಯೂ ನನಗಿರಲಿಲ್ಲ. ಕೊನೆಗೆ ಧರಣೇಂದ್ರಣ್ಣನನ್ನು ಕಟ್ಟೆಗೆ ಕರೆದುಕೊಂಡು ಹೋಗಿ ನಡೆದದ್ದನ್ನು ಹೇಳಿದೆ.

“ಅದರೆದುರಿಗೇ ಮಿಮಿಕ್ರಿ ಮಾಡಿದ್ಯಾ?” ಅವನು ತಲೆಯ ಮೇಲೆ ಕೈಯಿಟ್ಟುಕೊಂಡ. “ಒಂದು ಸಲ ಅಂದಿದ್ರೆ ವಾರದಲ್ಲಿ ಮರೀತಿತ್ತು. ನೀನು ಅಭಿನಯ ಸಮೇತ ತೋರಿಸಿದೀಯ.”

“ಏನಾದ್ರೂ ದಾರಿ ಹೇಳಣ್ಣ.”

“ಪೂಸಿ ಹೊಡೀಬೇಡ, ಅದು ಇನ್ನೂ ಉಬ್ಬತ್ತೆ. ಕೆಲಸ ಕೊಡು. ನಮ್ಮಪ್ಪನ ಗೋಡೆ ಗಡಿಯಾರ ಹೀಗೇ ನಿಂತಿತ್ತು. ಅಪ್ಪ ಏನೂ ಆಗಿಲ್ಲ ಅನ್ನೋ ಹಾಗೆ ದಿನಾ ಅದನ್ನೇ ನೋಡಿ ಟೈಮು ಹೇಳೋರು. ಎರಡು ತಿಂಗಳು ನಾವೆಲ್ಲ ಹತ್ತೂಕಾಲಕ್ಕೇ ತಿಂಡಿ, ಹತ್ತೂಕಾಲಕ್ಕೇ ಊಟ. ನನ್ನನ್ನ ಇನ್ನೂ ಲೆಕ್ಕಕ್ಕೆ ಇಟ್ಟಿದಾರೆ ಅಂತ ಅದಕ್ಕೆ ಅನ್ನಿಸ್ಬೇಕು ನೋಡು. ಒಂದು ದಿನ ಊಟದ ಮಧ್ಯೆ ಟಿಕ್ ಅಂತು.”

ಕೆಲಸ ಕೊಡು. ತೆರೆಯೇ ಬೆಳಗದ ಆಟದ ಡಬ್ಬಿಗೆ ಏನು ಕೆಲಸ ಕೊಡುವುದು? ಮನೆಗೆ ಬರುವಾಗ ದಾರಿಯುದ್ದಕ್ಕೂ ಯೋಚಿಸಿದೆ. ಗುಂಡಿಗಳಿವೆ, ಒತ್ತಿದರೆ ಟಿಕ್ ಎನ್ನುತ್ತವೆ. ಆಟ ಚಿಕ್ಕಮ್ಮನ ತಲೆಯಲ್ಲಿದೆ, ಒಂದೊಂದು ಹಳ್ಳವೂ ಅವಳಿಗೆ ಬಾಯಿಪಾಠ. ಇನ್ನು ಸದ್ದು. ಸದ್ದಿಗೆ ನಾನಿದ್ದೇನಲ್ಲ.

ನಾಲ್ಕು ಗಂಟೆಯ ಕಾಫಿ ಆದ ಮೇಲೆ ಡಬ್ಬಿಯನ್ನು ಅವಳ ಎರಡೂ ಕೈಗಳ ನಡುವೆ ಇಟ್ಟು, ಬಲ ಹೆಬ್ಬೆರಳನ್ನು ಹಾರುವ ಗುಂಡಿಯ ಮೇಲೆ ಕೂರಿಸಿದೆ. ಎದುರಿಗೆ ಮಣೆ ಹಾಕಿಕೊಂಡು ಕುಳಿತು ಬಾಯಲ್ಲೇ ಶುರು ಮಾಡಿದೆ. “ಟುಡು ಟುಡು ಟುಂಯ್...”

“ಏನೋ ಅದು?”

“ಆಟ.”

“ಹುಚ್ಚು ಹಿಡೀತಾ? ಅದು ಸತ್ತು ಬಿದ್ದಿದೆ.”

“ಸತ್ತಿಲ್ಲ, ಮುನಿಸ್ಕೊಂಡಿದೆ. ನೀನು ಮುನಿಸ್ಕೊಂಡಾಗ ನಾನು ಕಾಫಿ ಕೊಡೋದು ನಿಲ್ಲಿಸಿದ್ನಾ?” ಎಂದು ಮತ್ತೆ ಶುರು ಮಾಡಿದೆ. “ಟುಡು ಟುಡು...”

ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡಳು. ಇವತ್ತಿಗೆ ಇಷ್ಟೇ ಎಂದುಕೊಂಡೆ. ಅವಳು ಕಣ್ಣು ಮುಚ್ಚಿಕೊಂಡೇ, “ತಪ್ಪು. ಮೊದಲು ಎರಡು ಟಿಂಯ್ ಇದೆ. ಆಮೇಲೆ ಟುಡು,” ಎಂದಳು.

ತಿದ್ದಿಕೊಂಡು ಮಾಡಿದೆ. ಅವಳ ಎಡ ಹೆಬ್ಬೆರಳು ಕದಲಿತು. ಛತ್ರಿರಾಮನ ಹೆಜ್ಜೆಯ ತಪ್ಪತಪ್ಪ ಸದ್ದು ಹೊರಡಿಸಿದೆ. ಮೊದಲ ದಿಣ್ಣೆಯ ಪಕ್ಕದ ಕಾಸು ಸಿಕ್ಕಿತು, ಟಿಣ್. ಹಕ್ಕಿ ಬಂತು, ಕುಕುಕು. ಮೊದಲ ಹಳ್ಳದ ಅಂಚಿಗೆ ಬಂದು ಅವಳು ನಿಲ್ಲಿಸಿದಳು. ಇಲ್ಲಿಂದ ಮುಂದೆ ಬಲಗೈಯ ಕೆಲಸ. ಹೆಬ್ಬೆರಳು ಗುಂಡಿಯ ಮೇಲೆ ಹಾಗೇ ಕುಳಿತಿತ್ತು. “ಹಾರಲ್ಲ ಇವನು,” ಎಂದಳು. “ನಾಳೆ ಹಾರ್ತಾನೆ ಬಿಡು,” ಎಂದೆ ನಾನು. ಅವನನ್ನು ಅಲ್ಲೇ ಬಿಟ್ಟು ಎದ್ದೆವು.

ಮರುದಿನ ಮಧ್ಯಾಹ್ನ ಪ್ರಚಾರ ಮುಗಿಸಿ ಬಂದರೆ ಚಿಕ್ಕಮ್ಮ ಬಾಗಿಲಲ್ಲೇ ಇದ್ದಳು. “ಎಷ್ಟು ಹೊತ್ತೋ ಬರೋದು? ಅವನು ಪಾಪ ನಿನ್ನೆಯಿಂದ ಬಿಸಿಲಲ್ಲಿ ನಿಂತಿದಾನೆ.”

“ಕೈಲಿ ಛತ್ರಿ ಇದೆಯಲ್ಲ ಚಿಕ್ಕಮ್ಮ.”

“ನಿನ್ನ ತಲೆ. ಕೂತ್ಕೋ.”

ಆ ದಿನ ಇಪ್ಪತ್ತು ನಿಮಿಷ ಅವಳು ಬಲ ಹೆಬ್ಬೆರಳನ್ನೇ ನೋಡುತ್ತ ಕುಳಿತಳು. ಹಣೆಯಲ್ಲಿ ಬೆವರು ಬಂತು. ಬೆರಳಿನ ತುದಿ ಅಕ್ಕಿಕಾಳಿನಷ್ಟು ಕೆಳಗಿಳಿಯಿತು, ನಿಂತಿತು, ಇನ್ನೊಂದು ಅಕ್ಕಿಕಾಳಿನಷ್ಟು ಇಳಿಯಿತು. ಟಿಕ್. ನಾನು ಎಷ್ಟು ಜೋರಾಗಿ “ಟುಂಯ್ಕ್!” ಎಂದೆನೆಂದರೆ ಎದುರುಮನೆಯ ನಾಯಿ ಬೊಗಳಿತು. ಛತ್ರಿರಾಮ ಮೊದಲ ಹಳ್ಳ ದಾಟಿದ.

ಆಮೇಲಿನ ದಿನಗಳಲ್ಲಿ ನಾಲ್ಕು ಗಂಟೆಯೆಂದರೆ ನಮ್ಮಲ್ಲಿ ಆಟ. ಎರಡನೇ ಸ್ಟೇಜಿಗೆ ಎರಡು ದಿನ ಹಿಡಿಯಿತು, ಮೂರನೆಯದಕ್ಕೆ ನಾಲ್ಕು. ನಾಲ್ಕನೆಯ ಸ್ಟೇಜಿನ ಹಳ್ಳ ದಾಟಿದ ದಿನ ಧರಣೇಂದ್ರಣ್ಣನಿಗೆ ಸುದ್ದಿ ಹೇಳಿ ಕಳಿಸಲು ಚಿಕ್ಕಮ್ಮನೇ ಹೇಳಿದಳು. ನಾನು ಸದ್ದು ತಪ್ಪಿದರೆ ಬಯ್ಯುತ್ತಿದ್ದಳು: “ಅದು ಕಪ್ಪೆ ಕಣೋ, ನೀನು ಬಾತುಕೋಳಿ ಮಾಡ್ತಿದೀಯ.” ಡಬ್ಬಿ ಮಾತ್ರ ಕಪ್ಪು ಮುಖ ಹೊತ್ತು ಅವಳ ಕೈಯಲ್ಲಿ ಕುಳಿತೇ ಇತ್ತು. ಒಂದು ಮಂಗಳವಾರ ನಾವು ಆಟದ ನಡುವೆ ಇದ್ದಾಗಲೇ ಬೆನಡಿಕ್ಟಾ ಮೇಡಂ ಬಂದರು. ಖಾಲಿ ತೆರೆಯನ್ನು ನೋಡಿದರು, ಕಪ್ಪೆಯಾಗಿದ್ದ ನನ್ನನ್ನು ನೋಡಿದರು, ಟಿಕ್ ಟಿಕ್ ಎನ್ನುತ್ತಿದ್ದ ಹೆಬ್ಬೆರಳನ್ನು ಬಹಳ ಹೊತ್ತು ನೋಡಿದರು. ಚೀಲ ಕೆಳಗಿಟ್ಟು ಸದ್ದಿಲ್ಲದೆ ಕುಳಿತು, “ಯಾವ ಸ್ಟೇಜು?” ಎಂದರು. “ಆರು,” ಎಂದಳು ಚಿಕ್ಕಮ್ಮ, ತಲೆ ಎತ್ತದೆ.

ಏಳನೆಯದರಲ್ಲಿ ಬಾವಿ ಇದೆ. ಅಗಲವಾದ ಬಾವಿ. ಒಂದು ಸಲ ಒತ್ತಿ ಹಾರಬೇಕು, ಅವನು ಗಾಳಿಯಲ್ಲಿರುವಾಗಲೇ ಇನ್ನೊಂದು ಸಲ ಒತ್ತಬೇಕು. ಆಗ ಕೊಡೆ ಬಿಚ್ಚಿಕೊಂಡು ಛಪಕ್ ಅನ್ನುತ್ತದೆ, ಅವನು ತೇಲಿಕೊಂಡು ಆಚೆ ದಡ ಸೇರುತ್ತಾನೆ. ಟಿಕ್-ಟಿಕ್. ಎರಡರ ನಡುವೆ ಉಸಿರೆಳೆಯುವಷ್ಟೂ ಪುರಸೊತ್ತಿಲ್ಲ. ಶೆಡ್ಡಿನ ಕಾಲದಲ್ಲಿ ಚಿಕ್ಕಮ್ಮ ಅದನ್ನು ಮಾತಾಡುತ್ತಲೇ ದಾಟುತ್ತಿದ್ದಳು.

ಈಗ ಮೊದಲ ಟಿಕ್ ಬರುತ್ತಿತ್ತು, ಎರಡನೆಯದು ಬರುವಷ್ಟರಲ್ಲಿ ಅವನು ತಳ ಸೇರಿರುತ್ತಿದ್ದ. ನಾನು ಬೀಳುವ ಸದ್ದು ಮಾಡುತ್ತಿದ್ದೆ. ಡುಂಯ್ಯ್ಯ್... ಮೊದಲ ದಿನ ಒಂಬತ್ತು ಸಲ ಬಿದ್ದ. ಎರಡನೆಯ ದಿನ ಹನ್ನೊಂದು ಸಲ. ಮೂರನೆಯ ದಿನ ಅವಳ ಬೆರಳು ನಡುಗುತ್ತಿತ್ತು, ತುಟಿ ಕಚ್ಚಿಕೊಂಡಿದ್ದಳು. ದೀಪಾವಳಿಗೆ ಐದು ದಿನವಿತ್ತು. ಅವಳು ಮತ್ತೆ ಚೆಂಡಿನ ಹಾಗೆ ಇದನ್ನೂ ಮಂಚದ ಕೆಳಗೆ ಉರುಳಿಸಿಬಿಟ್ಟರೆ ಎಂಬ ಹೆದರಿಕೆ ನನಗೆ. ಮೊದಲ ಟಿಕ್ ಬಂತು. ಎರಡನೆಯದು ಬರಲಿಲ್ಲ. ನಾನು “ಛಪಕ್!” ಎಂದೆ. ತೇಲುವ ಸದ್ದು ಮಾಡಿದೆ, ದಡ ಮುಟ್ಟಿಸಿದೆ, ಗೆದ್ದ ಸಂಗೀತವನ್ನೂ ಶುರು ಮಾಡಿದೆ.

ಚಿಕ್ಕಮ್ಮ ಡಬ್ಬಿಯನ್ನು ಮಡಿಲಿಗೆ ಇಳಿಸಿದಳು. “ಕೊಡೆ ಯಾರು ಬಿಚ್ಚಿದ್ದು?”

“ನೀನೇ ಚಿಕ್ಕಮ್ಮ.”

“ನಾನು ಒತ್ತಿಲ್ಲ.”

“ಒತ್ತಿದ ಹಾಗಿತ್ತು... ಹತ್ತಿರ ಹತ್ತಿರ ಬಂದಿತ್ತು. ಇಷ್ಟು ಬಂದ್ರೆ ಸಾಕಲ್ವಾ?”

ಆ ಮಾತು ಬಾಯಿಂದ ಬಿದ್ದಮೇಲೆ ನನಗೇ ಕೇಳಿಸಿತು. ಅದು ನನ್ನ ದನಿಯಲ್ಲಿರಲಿಲ್ಲ, ಮೂಸಂಬಿ ತಂದ ನೆಂಟರೆಲ್ಲರ ದನಿಯಲ್ಲಿತ್ತು. ಅಷ್ಟು ಚೆನ್ನಾಗಿ ನಾನು ಯಾರನ್ನೂ ಅನುಕರಿಸಿದ್ದಿಲ್ಲ.

ಚಿಕ್ಕಮ್ಮ ಕೋಪ ಮಾಡಿಕೊಳ್ಳಲಿಲ್ಲ. ಮೆಲ್ಲಗೆ ಹೇಳಿದಳು. “ಬಂದೋರೆಲ್ಲ ನನ್ನ ಮುಂದೆ ಕೂತ್ಕೊಂಡೇ ನನ್ನ ಬೆಲೆ ಇಳಿಸಿ ಹೋದ್ರು. ಇಷ್ಟಕ್ಕೇ ಬಿಡು, ಇಷ್ಟೇ ಸಾಕು. ಈ ಡಬ್ಬಿಗಾದ್ರೆ ಕಟ್ಟೆ ಇದೆ, ಅಲ್ಲಿಗೆ ಹೋಗಿ ಮಾತಾಡ್ತೀರ. ನನಗೆಲ್ಲಿದೆಯೋ ಕಟ್ಟೆ? ನೀನೊಬ್ಬ ಇಳಿಸಿರಲಿಲ್ಲ. ಇವತ್ತು ನೀನೂ ಇಳಿಸಿದೆ.”

ನಾನು ತಲೆ ತಗ್ಗಿಸಿದೆ. ಹೊರಗೆ ಯಾರದೋ ಆಟೋ ಹೋಯಿತು. ಚಿಕ್ಕಮ್ಮ ಡಬ್ಬಿಯನ್ನು ಮತ್ತೆ ಎತ್ತಿಕೊಂಡಳು. “ಬಿದ್ದಿದಾನೆ ಅವನು. ಬಿದ್ದ ಸದ್ದು ಮಾಡು.”

“ಚಿಕ್ಕಮ್ಮ...”

“ಮಾಡೋ.”

ಮಾಡಿದೆ. ಡುಂಯ್ಯ್ಯ್... ಕೊನೆಗೆ ತಡೆಯಲಾಗದೆ ಸಣ್ಣದೊಂದು ಕೆಮ್ಮು ಬಂತು, ಖೊಕ್.

“ಹಾಂ. ಹಾಗೆ,” ಎಂದಳು ಚಿಕ್ಕಮ್ಮ. ಅವಳ ಗಲ್ಲದ ಮೇಲೆ ಮಂದವಾದ ನೀಲಿ ಬೆಳಕು ಬಿತ್ತು.

ತೆರೆ ಹತ್ತಿಕೊಂಡಿತ್ತು. ಪಟ್ಟಿಯಲ್ಲ, ಮೊದಲನೇ ಸ್ಟೇಜಲ್ಲ. ಏಳನೆಯದು. ಅಗಲವಾದ ಬಾವಿ, ಅದರ ಈಚೆ ದಡದಲ್ಲಿ ಕೊಡೆ ಮಡಚಿಕೊಂಡು ಗಿಡ್ಡ ಮನುಷ್ಯ, ಮೇಲಿನ ಮೂಲೆಯಲ್ಲಿ ನಾವು ಇಷ್ಟು ದಿನ ಬಾಯಲ್ಲೇ ಟಿಣ್ ಟಿಣ್ ಎಂದು ಕೂಡಿಸಿದ ಕಾಸುಗಳ ಮೊತ್ತ. ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿಯಿಲ್ಲ. ನಾನು ಏನೋ ಹೇಳಲು ಹೋದೆ. ಚಿಕ್ಕಮ್ಮ ಎಡಗೈ ಬೆರಳೊಂದನ್ನು ಎತ್ತಿ ತಡೆದಳು. ಸೆರಗು ಸಿಕ್ಕಿಸಿಕೊಂಡು ಮುಂದಕ್ಕೆ ಬಾಗಿದಳು.

ಟಿಕ್. ಎರಡನೆಯದು ತಡವಾಯಿತು. ಛತ್ರಿರಾಮ ಬಾವಿಗೆ ಬಿದ್ದ. “ನೋಡಿದ್ಯಾ? ಬಿದ್ದ,” ಎಂದಳು ಅವಳು, ಬಹಳ ದೊಡ್ಡ ನ್ಯಾಯವೊಂದು ಸಿಕ್ಕಿದವಳಂತೆ. ಮತ್ತೆ ನಿಂತ, ಮತ್ತೆ ಬಿದ್ದ. ಮತ್ತೆ ನಿಂತ. ಹೊರಗೆ ಬೀದಿಯಲ್ಲಿ ಯಾರೋ ಮೊದಲ ಪಟಾಕಿ ಹೊಡೆದರು. ಅವಳು ಕಣ್ಣು ಮಿಟುಕಿಸಲಿಲ್ಲ. ಹೆಬ್ಬೆರಳು ಟಿಕ್ ಎಂದು ಒಮ್ಮೆ ಕೆಳಗಿಳಿಯಿತು. ಸೋತ ಬೆರಳಿನ ಹಾಗಲ್ಲ, ಚಪಾತಿ ಹಿಟ್ಟು ಒರೆಸಿಕೊಂಡು ಅವಸರದಲ್ಲಿ ಬಂದ ಬೆರಳಿನ ಹಾಗೆ ಮೇಲೆದ್ದು ಮತ್ತೆ ಇಳಿಯಿತು. ಟಿಕ್.

“ಛಪಕ್!” ಕೊಡೆ ಬಿಚ್ಚಿತು. ಅದರ ಹಿಂದೆಯೇ ನನ್ನ ದನಿಯದೇ ಸಣ್ಣದೊಂದು ಕೆಮ್ಮು. “ಖೊಕ್.”

ಛತ್ರಿರಾಮ ತೇಲಿಕೊಂಡು ಹೋಗಿ ಆಚೆ ದಡಕ್ಕೆ ಕಾಲಿಟ್ಟ. ಚಿಕ್ಕಮ್ಮನ ಎಡ ಹೆಬ್ಬೆರಳು ಆಗಲೇ ಅವನನ್ನು ಮುಂದಕ್ಕೆ ನಡೆಸುತ್ತಿತ್ತು. ತೆರೆಯಿಂದ ಕಣ್ಣು ತೆಗೆಯದೆ ಗದರಿದಳು: “ಡಬ್ಬಿಗೇ ದನಿ ಬಂದಿದೆ, ಇನ್ನು ಮಧ್ಯೆ ನಿಂದೇನೋ? ಬಾಯಿ ಮುಚ್ಕೊಂಡು ಕೂರೋ ಚಿದು!”

ಅವಳು ಬೆರಳೆತ್ತಿ ತಡೆದಾಗಿನಿಂದಲೇ ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕುಳಿತಿದ್ದೆ.